ಪದ ಪರಿಚಯ: ಕುರಿ

ಸುಲಭವಾಗಿ ಮೋಸಹೋದವನನ್ನು ಕನ್ನಡದಲ್ಲಿ ಕುರಿ ಎನ್ನುತ್ತೇವೆ. ಉದಯ ಟಿವಿಯ ಕುಚೇಷ್ಟೆ ಕಾರ್ಯಕ್ರಮ ‘ಕುರಿಗಳು ಸಾರ್ ಕುರಿಗಳು’ ಈ ಅರ್ಥವನ್ನೇ ಬಂಡವಾಳ ಮಾಡಿಕೊಂಡಿತು: ಮರೆಯಲ್ಲಿ ಕ್ಯಾಮೆರಾ, ಎದುರಿಗೆ ಏನೂ ಅರಿಯದ ದಾರಿಹೋಕ, ನಡುವೆ ಹಾಸ್ಯನಟ ಪ್ರತಾಪ್. ಕಾರ್ಯಕ್ರಮದ ಹೆಸರು ನಿಸಾರ್ ಅಹಮದ್ ಅವರ ಕವಿತೆಯದು. ತಮಾಷೆಯೆಂದರೆ, ಕುರಿಯಾದವರು ಜನ, ಬಿರುದು ಅಂಟಿದ್ದು ಕುರಿ ಮಾಡಿದವರಿಗೆ! ‘ಮಜಾ ಟಾಕೀಸ್’ಗೂ ಬಿಗ್ ಬಾಸ್ ಮನೆಗೂ ಅವರು ಹೋದದ್ದು ಕುರಿ ಪ್ರತಾಪ್ ಆಗಿಯೇ. ಕೆಲಸವೇ ಹೆಸರಾಗುವುದು ನಮ್ಮಲ್ಲಿ ರೂಢಿ.

ಕುರಿ ಪದ ಹಳಗನ್ನಡದಲ್ಲಿ ‘ಕುಱಿ’. ತೆಲುಗಿನ ಗೊರ್ರೆ ಇದರ ದಾಯಾದಿ. ಮೂರು ನುಡಿ ಬೆರೆತ ಬಂಗಾರಪೇಟೆ, ಕೋಲಾರದ ಚಿನ್ನದ ಗಣಿಯ ಕೆಜಿಎಫ್ ಕಡೆ ಒಂದೇ ಪ್ರಾಣಿ ಕನ್ನಡದಲ್ಲಿ ಕುರಿ, ತೆಲುಗಿನಲ್ಲಿ ಗೊರ್ರೆ, ಗಣಿ ಕಾಲೊನಿಗಳ ತಮಿಳಿನಲ್ಲಿ ಆಡು. ತೊಡಕು ಇರುವುದು ಇಲ್ಲೇ. ತಮಿಳಿನ ಆಡು ಕುರಿ, ಮೇಕೆ ಎರಡಕ್ಕೂ ಸಲ್ಲುತ್ತದೆ. ಕುರಿಯನ್ನೇ ಹೇಳಬೇಕಾದರೆ ಸೆಮ್ಮರಿಯಾಡು ಎನ್ನಬೇಕು. ಕನ್ನಡದ ಆಡು ಮೇಕೆ ಮಾತ್ರ. ಆ ಕಡೆ ಸಂತೆಗೆ ಹೋದವರು ಯಾವ ಆಡು ಎಂದು ಕೇಳಿಕೊಂಡೇ ಹಗ್ಗ ಹಿಡಿಯುವುದು ಒಳ್ಳೆಯದು.