ಸಮತಲದ ಮೇಲಿನ ಲೆಕ್ಕ: ‘ಮಾನಸೋಲ್ಲಾಸ’ದ ಚಿತ್ರಪರಿಭಾಷೆ

ಎರಡು ಆಯಾಮಗಳ ಕಲೆಯನ್ನು ಕುರಿತು ಕನ್ನಡದಲ್ಲಿ ಬರೆಯಹೊರಟವರಿಗೆ ‘ಚಿತ್ರ’ ಎಂಬ ಮೊದಲ ಪದವೇ ತೊಡಕನ್ನೊಡ್ಡುತ್ತದೆ. ಶ್ರೀಕುಮಾರನ ‘ಶಿಲ್ಪರತ್ನ’ದಲ್ಲಿ ಎಲ್ಲ ಕಡೆಗಳಿಂದಲೂ ಕಾಣುವ ದುಂಡುಶಿಲ್ಪವು ಚಿತ್ರ; ಉಬ್ಬುಶಿಲ್ಪವು ಅರ್ಧಚಿತ್ರ; ನಾವಿಂದು ಚಿತ್ರವೆನ್ನುವುದು ಅಲ್ಲಿ ಚಿತ್ರಾಭಾಸ. ಆದುದರಿಂದ ಹಳೆಯ ಪಠ್ಯಗಳಲ್ಲಿ ಈ ಪದ ಕಂಡೊಡನೆ ಅದು ಬಣ್ಣದ ಕೆಲಸವೆಂದು ನಿರ್ಣಯಿಸುವುದು ಸಾಧುವಲ್ಲ.

ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (ಸು. 1129) ಸಂಸ್ಕೃತ ಗ್ರಂಥವಾದರೂ ಕನ್ನಡನಾಡಿನ ಆಸ್ಥಾನದ ಕೃತಿ. ಇದರ ಚಿತ್ರಪ್ರಕರಣದ ವಿಷಯ ಸಮತಲದ ಚಿತ್ರವೇ. ಕನ್ನಡಿಯ ಪ್ರತಿಬಿಂಬದಂತೆ ಹೋಲುವುದು ವಿದ್ಧ, ಕಲ್ಪನೆಯಿಂದ ಮೂಡಿದುದು ಅವಿದ್ಧ, ಶೃಂಗಾರಾದಿಗಳನ್ನು ತೋರುವುದು ಭಾವಚಿತ್ರ, ದ್ರವವರ್ಣದ್ದು ರಸಚಿತ್ರ, ಪುಡಿಯದು ಧೂಳಿಚಿತ್ರ. ಇವುಗಳಲ್ಲಿ ‘ಭಾವಚಿತ್ರ’ವು ನಮ್ಮ ಬಳಕೆಯಲ್ಲಿ ಉಳಿದಿದೆ, ಆದರೆ ಅರ್ಥ ಪಲ್ಲಟಗೊಂಡು. ಇಂದು ನಾವು ಗೋಡೆಗೆ ತೂಗುಹಾಕುವ ಭಾವಚಿತ್ರವನ್ನು ಸೋಮೇಶ್ವರನು ವಿದ್ಧವೆಂದೇ ಕರೆಯುತ್ತಿದ್ದನು.

ಸಾಮಗ್ರಿಯ ವಿವರಗಳು ಕುಶಲಕರ್ಮಿಗಳಿಂದಲೇ ಕೇಳಿ ಬರೆದಂತಿವೆ. ಎಮ್ಮೆಯ ತೊಗಲನ್ನು ಕುದಿಸಿ ಮಾಡಿದ ವಜ್ರಲೇಪವೆಂಬ ಅಂಟು, ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಹೊಸೆದ ವರ್ತಿಕೆ, ಕರುವಿನ ಕಿವಿಯ ರೋಮದ ಕುಂಚ!

ಆದರೆ ಪ್ರಸ್ತುತ ಹೆಚ್ಚು ವಿಚಾರಾರ್ಹವಾದುದು ‘ಸ್ಥಾನ’ಗಳ ನಿರೂಪಣೆ. ಆಕೃತಿಯ ನಡುವೆ ಮೇಲಿನಿಂದ ಇಳಿಯುವ ಗೆರೆ ಬ್ರಹ್ಮಸೂತ್ರ; ಅದರ ಇಕ್ಕೆಲಗಳಲ್ಲಿರುವುವು ಪಕ್ಷಸೂತ್ರಗಳು. ಎದುರುಮುಖದ ಋಜುವಿನಲ್ಲಿ ನಡುಗೆರೆಯಿಂದ ಎರಡೂ ಬದಿಗೆ 6 ಅಂಗುಲ. ದೇಹ ತುಸು ಹೊರಳಿದ ಅರ್ಧರ್ಜುವಿನಲ್ಲಿ ಒಂದೆಡೆ 8, ಇನ್ನೊಂದೆಡೆ 4. ಸಾಚಿಯಲ್ಲಿ 10 ಮತ್ತು 2. ಅರ್ಧಾಕ್ಷಿಯಲ್ಲಿ 11 ಮತ್ತು 1. ಒಂದೇ ಪಕ್ಕ ಕಾಣುವ ಭಿತ್ತಿಕದಲ್ಲಿ ಈ ಹಂಚಿಕೆಯೇ ಕೊನೆಗಾಣುತ್ತದೆ. ಮೊತ್ತ ಮಾತ್ರ 12 ಅಂಗುಲವಾಗಿಯೇ ಉಳಿಯುವುದನ್ನು ಗಮನಿಸಬೇಕು. ದೇಹದ ಹೊರಳುವಿಕೆಯನ್ನು ಚಪ್ಪಟೆಯಾದ ಗೋಡೆಯ ಮೇಲೆ ಅಂಕಿಗಳಲ್ಲಿ ಹಿಡಿದಿಡುವ ಕ್ರಮವಿದು. ‘ವಿಷ್ಣುಧರ್ಮೋತ್ತರ’ವು ಇದನ್ನೇ ಕ್ಷಯ-ವೃದ್ಧಿ ಎಂಬ ಜೋಡಿಪದದಿಂದ ಸೂಚಿಸುತ್ತದೆ. ದೂರದ ವಸ್ತು ಕಿರಿದಾಗಿ ತೋರುವ ಐರೋಪ್ಯ ಯಥಾದರ್ಶನಕ್ಕೂ ಇದಕ್ಕೂ ಸಂಬಂಧ ಕಲ್ಪಿಸಲಾಗದು. ಇಲ್ಲಿ ದಿಗಂತವಿಲ್ಲ, ಒಂದು ದೇಹವಷ್ಟೇ ಇದೆ.

ಹೀಗಿರುವಾಗ ಸಾಚಿಯನ್ನು ‘ಓರೆನೋಟ’ವೆಂದೂ ಅರ್ಧಾಕ್ಷಿಯನ್ನು ‘ಅರೆಗಣ್ಣು’ ಎಂದೂ ಅನುವಾದಿಸಿದರೆ ಅಳತೆ ಮರೆಯಾಗಿ ಭಂಗಿಯಷ್ಟೇ ಉಳಿಯುತ್ತದೆ. ನನ್ನ ಮಟ್ಟಿಗೆ ಮೂಲಪದಗಳನ್ನೇ ಉಳಿಸಿಕೊಂಡು ಬದಿಯಲ್ಲಿ ಅಂಗುಲಗಳನ್ನು ನಮೂದಿಸುವುದು ಲೇಸು. ಗ್ರಂಥಾಲಯಗಳಲ್ಲಿ ಅರಸುವವರಿಗೆ ಒಂದು ಮಾತು: 1926ರಲ್ಲಿ ಮೈಸೂರಿನಿಂದ ಹೊರಬಂದ ‘ಅಭಿಲಷಿತಾರ್ಥಚಿಂತಾಮಣಿ’ಯೂ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ‘ಮಾನಸೋಲ್ಲಾಸ’ವೂ ಒಂದೇ ಕೃತಿ.