ಫಾರ್ವರ್ಡ್ ಆದ ಸೀರೆ: ಕುಷ್ಟಗಿ ಸೀಮೆಯ ಕೈಮಗ್ಗ ಮತ್ತು ವಾಟ್ಸಾಪ್ ಮಾರಾಟ

ಇಳಕಲ್ ಸೀರೆಯ ಮಗ್ಗಗಳು ಇಳಕಲ್ಲಿನಲ್ಲಷ್ಟೇ ಇಲ್ಲ. ಜಿಲ್ಲೆಯ ಗಡಿ ದಾಟಿ ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲೂ ಅದೇ ಸೀರೆ ನೇಯುವ ಮನೆಗಳಿವೆ. ಸಾಹುಕಾರರಿಂದ ನೂಲು ತಂದು, ಕೂಲಿಗೆ ನೇಯ್ದು, ಸೀರೆಯನ್ನು ಅವರಿಗೇ ಒಪ್ಪಿಸುವುದು ಇಲ್ಲಿನ ಹಳೆಯ ರೂಢಿ. ಉಡುವವಳ ಮುಖವನ್ನು ನೇಯ್ದವರು ಕಾಣುವುದು ಅಪರೂಪ. 2016ರಲ್ಲಿ ಯುಪಿಐ, 2018ರ ಜನವರಿಯಲ್ಲಿ ವಾಟ್ಸಾಪ್ ಬಿಸಿನೆಸ್ ಬಂದವು. ನೇಯ್ದವರಿಗೂ ಉಡುವವರಿಗೂ ನಡುವಿನ ದೂರವನ್ನು ಇವು ಕಡಿಮೆ ಮಾಡಬಲ್ಲವೇ ಎಂಬುದು ಈ ಲೇಖನದ ಪ್ರಶ್ನೆ.

ಉತ್ತರ ಹುಡುಕಲು ಸೀರೆಯನ್ನೇ ಬಿಚ್ಚಿ ನೋಡಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹೆಚ್ಚಾಗಿ ಹತ್ತಿಯದು. ಸೆರಗು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡರ ಎಳೆಗಳನ್ನು ಕುಣಿಕೆಯಾಗಿಸಿ ಒಂದರೊಳಗೊಂದು ಸಿಕ್ಕಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಲೇಬೇಕು. ಮೊಬೈಲ್ ಚಿತ್ರದಲ್ಲಿ ಈ ಶ್ರಮ ಕಾಣುವುದಿಲ್ಲ. ಟೋಪಿ ತೆನೆಯ ಕೆಂಪು-ಬಿಳಿ ಸೆರಗು, ಚಿಕ್ಕಿ ಪರಾಸಿನ ದಡಿ, ಒಂದೇ ಹಾಸಿನಲ್ಲಿ ಇಳಿಸಿದ ಪವರ್‌ಲೂಮ್ ನಕಲಿನಲ್ಲೂ ಅಷ್ಟೇ ಚೆಂದ ಹೊಳೆಯುತ್ತವೆ. ಕಣ್ಣಿಗೆ ಎರಡೂ ಒಂದೇ ಆದ ಮೇಲೆ ಗಿರಾಕಿ ನೋಡುವುದು ದರವನ್ನೇ, ಆ ಪೈಪೋಟಿಯಲ್ಲಿ ಕೈಮಗ್ಗಕ್ಕೆ ಉಳಿಗಾಲವಿಲ್ಲ.

ಇದಕ್ಕೆ ಫಾರ್ವರ್ಡ್ ಸೇರಿಕೊಂಡಿತು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋದಂಥ ಕಂಪನಿಗಳಿಂದಾಗಿ, ಅಂಗಡಿಯಿಲ್ಲದ ಗೃಹಿಣಿಯರೂ ಚಿತ್ರ ಹಂಚಿ, ತಮ್ಮ ಲಾಭ ಸೇರಿಸಿ ಮಾರುವುದು ಬಳಕೆಗೆ ಬಂತು. ಅವರ ಪಾಲಿಗೆ ಅದು ನಿಜವಾದ ಗಳಿಕೆ, ಅಲ್ಲಗಳೆಯುವಂತಿಲ್ಲ. ಆದರೆ ಚಿತ್ರ ಗ್ರೂಪಿನಿಂದ ಗ್ರೂಪಿಗೆ ದಾಟಿದಷ್ಟೂ ನೇಯ್ದವರ ಹೆಸರು, ಊರು ಉದುರಿಹೋಗುತ್ತವೆ. ಮೂಲವಿಲ್ಲದ ಸಂದೇಶ ಏನು ಮಾಡೀತೆಂಬುದನ್ನು ಕಲ್ಯಾಣ ಕರ್ನಾಟಕ ಕಂಡಿದೆ: 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಯುವಕನೊಬ್ಬ ಬಲಿಯಾದ. ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿದ್ದು ಅದೇ ತಿಂಗಳು. ಸಾವನ್ನೂ ಸೀರೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಉದ್ದೇಶವಲ್ಲ. ಇದು ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಮಾತ್ರ ಎರಡು ಕಡೆಯೂ ಬೇಕು.

ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ, ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಮಾರುವವರು ಚಿತ್ರದ ಜೊತೆ ಹಾಕದಿದ್ದರೆ ಇವೆರಡೂ ಕಾಗದದಲ್ಲೇ ಉಳಿದಂತೆ. 2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು ಶುರುಮಾಡಿದ ‘ಹಂಡ್ರೆಡ್ ಸಾರಿ ಪ್ಯಾಕ್ಟ್’ ಎಂಬ ಅಭಿಯಾನ ಜಾಲತಾಣಗಳಲ್ಲಿ ಸೀರೆಯ ಕಥೆಗೆ ಕಿವಿಗಳನ್ನು ಗಳಿಸಿಕೊಟ್ಟಿತು. ಅಲ್ಲಿ ಮಾತಾಡಿದವರು ಉಟ್ಟವರು. ನೇಯ್ದವರ ಸರದಿ ಇನ್ನೂ ಬರಬೇಕಿದೆ.

ಅದಕ್ಕೆ ದೊಡ್ಡ ಬಂಡವಾಳ ಬೇಡ. ಒಡಲೂ ಸೆರಗೂ ಕೂಡುವ ಜಾಗವನ್ನು ತಿರುವಿಹಾಕಿ ಹತ್ತಿರದಿಂದ ತೆಗೆದ ಚಿತ್ರ, ಕೊಂಡಿ ಹಾಕುವ ಕೈಯ ಅರ್ಧ ನಿಮಿಷದ ವಿಡಿಯೋ, ಚಿತ್ರದ ಮೇಲೇ ಅಚ್ಚಾದ ಊರಿನ ಹೆಸರು. ಹೆಸರನ್ನು ಚಿತ್ರದ ಕೆಳಗೆ ಬರೆದರೆ ಫಾರ್ವರ್ಡ್ ಮಾಡುವವರು ಅದನ್ನು ಸುಲಭವಾಗಿ ಕಳಚಿಬಿಡಬಹುದು. ದಿನಕ್ಕೆ ಹತ್ತು ಸ್ಟೇಟಸ್ ಹಾಕಿ ರಿಯಾಯಿತಿ ಕೂಗುವುದಕ್ಕಿಂತ ಇದು ಮೇಲು. ಕೊಳ್ಳುವವರೂ ದರ ಕೇಳುವ ಮುಂಚೆ ಕೊಂಡಿಯ ಚಿತ್ರ ಕೇಳಲಿ.