ಅಡಿಕೆಯ ಸೊಕ್ಕೂ ಅಪಧಮನಿಯ ಒಳಪೊರೆಯೂ

ಮಂಗಳೂರಿನ ಬಂದರು ಪ್ರದೇಶದ ಅಡಿಕೆಯ ಮಂಡಿಗಳಲ್ಲಿ ಒಣಗಿಸಿ ಸುಲಿದ ಚಾಲಿಯ ರಾಶಿಯೆದುರು ಕುಳಿತು ಪಟೋರ, ಉಳ್ಳಿ, ಕರಿಗೋಟು ಎಂಬ ದರ್ಜೆಗಳನ್ನು ಬೇರ್ಪಡಿಸುವವರಿಗೂ, ಊಟವಾದೊಡನೆ ವೀಳ್ಯದ ತಟ್ಟೆಗೆ ಕೈಚಾಚುವ ಗೃಹಸ್ಥರಿಗೂ ಸಮಾನವಾಗಿ ಪರಿಚಿತವಾದ ದೇಹಾನುಭವವೊಂದುಂಟು. ಅದು ಅಡಿಕೆ ಸೊಕ್ಕುವುದು. ಅಭ್ಯಾಸವಿಲ್ಲದವನು ಹಸಿಯಡಿಕೆಯ ಹೋಳೊಂದನ್ನು ಜಗಿದನೆಂದರೆ, ಕೆಲವೇ ನಿಮಿಷಗಳಲ್ಲಿ ಕಿವಿ ಬಿಸಿಯೇರಿ, ಮುಖ ಕೆಂಪಾಗಿ, ಹಣೆ ಬೆವರಿ, ಎದೆ ಡವಗುಟ್ಟಿ, ತಲೆ ತಿರುಗತೊಡಗುವುದು. 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಸ್ಥಾಪಿತವಾದ ಈ ನಗರದಲ್ಲಿ ಅಡಿಕೆಯ ಧಾರಣೆಯನ್ನು ಕುರಿತು ದಿನನಿತ್ಯವೂ ನಡೆಯುವ ಚರ್ಚೆಯ ಶತಾಂಶವಾದರೂ ಈ ಸೊಕ್ಕಿನ ಶಾರೀರಕ್ರಿಯೆಯನ್ನು ಕುರಿತು ನಡೆದಿದ್ದರೆ, ಅಪಧಮನಿಗಳ ಸಂಕೋಚ ವಿಕಾಸಗಳ ತತ್ತ್ವವನ್ನು ವಿವರಿಸಲು ಪರದೇಶದ ಉದಾಹರಣೆಗಳನ್ನು ಅರಸಬೇಕಾಗಿರಲಿಲ್ಲ.

ಅಡಿಕೆಯ ಮುಖ್ಯ ಕ್ಷಾರಕಲ್ಪವಾದ ಅರೆಕೊಲಿನ್, ನಮ್ಮ ನರಗಳ ತುದಿಯಿಂದ ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದೂತನು ನಾಟುವ ಮಸ್ಕರಿನಿಕ್ ಗ್ರಾಹಕಗಳಿಗೇ ತಾನೂ ನಾಟಬಲ್ಲುದು. ಈ ದೂತನ ಕ್ರಿಯೆಯನ್ನು 1914ರಲ್ಲಿ ಹೆನ್ರಿ ಡೇಲ್ ವಿಶದವಾಗಿ ವರ್ಣಿಸಿದನು. ಅದನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ನಾಳಗಳು ಸಡಿಲಗೊಂಡು ರಕ್ತದೊತ್ತಡವು ಕುಸಿಯುವುದು. ಆದರೆ ದೇಹದ ಬಹುಪಾಲು ಅಪಧಮನಿಗಳಿಗೆ ಅಸಿಟೈಲ್‌ಕೋಲಿನನ್ನು ಸ್ರವಿಸುವ ನರಗಳೇ ಇಲ್ಲ. ಮೇಲಾಗಿ, ಕತ್ತರಿಸಿ ತೆಗೆದ ಮೊಲದ ಮಹಾಪಧಮನಿಯ ಪಟ್ಟಿಯ ಮೇಲೆ ಅದನ್ನೇ ಪ್ರಯೋಗಿಸಿದಾಗ ಪಟ್ಟಿಯು ಸಡಿಲಗೊಳ್ಳದೆ ಬಿಗಿಯುತ್ತಿತ್ತು. ಜೀವಂತ ದೇಹದಲ್ಲಿ ಒಂದು ಬಗೆ, ಗಾಜಿನ ಪಾತ್ರೆಯಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಬಗೆ. ಈ ವೈರುಧ್ಯವನ್ನು ಪಂಡಿತರು ದಶಕಗಳ ಕಾಲ ಸಹಿಸಿಕೊಂಡು ಬಂದರು.

1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್‌ಸ್ಕಿ ಇದರ ಗುಟ್ಟನ್ನು ಬಯಲಿಗೆಳೆದರು. ಪಟ್ಟಿಯನ್ನು ಸಿದ್ಧಪಡಿಸುವಾಗ ನಾಳದ ಒಳಮೈ ಯಾವುದಾದರೂ ವಸ್ತುವಿಗೆ ಉಜ್ಜಿ, ಅಲ್ಲಿ ಒಂದೇ ಜೀವಕೋಶದ ದಪ್ಪವಿರುವ ಒಳಪೊರೆಯು ಕಿತ್ತುಹೋಗುತ್ತಿತ್ತು. ಅದನ್ನು ಜೋಪಾನವಾಗಿ ಉಳಿಸಿಕೊಂಡ ಪಟ್ಟಿಯಾದರೋ, ಮೊದಲೇ ನಾರ್‌ಅಡ್ರಿನಲಿನ್‌ನಿಂದ ಬಿಗಿದಿದ್ದರೂ ಅಸಿಟೈಲ್‌ಕೋಲಿನ್ ತಗುಲಿದೊಡನೆ ಸಡಿಲವಾಯಿತು. ಒಳಪೊರೆ ಕಳೆದುಕೊಂಡ ಪಟ್ಟಿಯನ್ನು ಒಳಪೊರೆಯುಳ್ಳ ಪಟ್ಟಿಗೆ ಮುಖಾಮುಖಿಯಾಗಿ ತಾಗಿಸಿಟ್ಟಾಗ ಮೊದಲನೆಯದೂ ಸಡಿಲಗೊಂಡಿತು. ಪೊರೆಯಿಂದ ಏನೋ ಒಂದು ಪದಾರ್ಥ ಹೊರಟು ನಾಳದ ಗೋಡೆಯ ಸ್ನಾಯುವಿಗೆ ದಾಟುತ್ತಿದೆಯೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣವನ್ನು ನಾನು ಕಾಣೆನು. ಆ ಪದಾರ್ಥವು ಕೆಲವೇ ಸೆಕೆಂಡುಗಳ ಆಯುಷ್ಯದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು 1987ರ ವೇಳೆಗೆ ನಿರ್ಧರಿಸಲ್ಪಟ್ಟಿತು. ಈ ಶೋಧಕ್ಕಾಗಿ 1998ರಲ್ಲಿ ಫರ್ಚ್‌ಗಾಟ್ ಹಾಗೂ ಇದೇ ಅನಿಲದ ಸಂಶೋಧಕರಾದ ಇಗ್ನಾರೊ, ಮುರಾದ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಇಲ್ಲಿ ಗಮನಾರ್ಹವಾದುದೇನೆಂದರೆ, ಒಳಪೊರೆಯ ಕೋಶದಲ್ಲಿಯೂ ಸ್ನಾಯುಕೋಶದಲ್ಲಿಯೂ ದೂತನು ಮಾಡುವ ಮೊದಲ ಕೆಲಸ ಒಂದೇ, ಕ್ಯಾಲ್ಸಿಯಮ್ಮಿನ ಪ್ರಮಾಣವನ್ನು ಏರಿಸುವುದು. ಸ್ನಾಯುವಿನಲ್ಲಿ ಏರಿದ ಕ್ಯಾಲ್ಸಿಯಂ ಮಯೋಸಿನ್ ತಂತುಗಳನ್ನು ಪ್ರಚೋದಿಸಿ ಸಂಕೋಚವನ್ನುಂಟುಮಾಡುವುದು. ಅದೇ ಕ್ಯಾಲ್ಸಿಯಂ ಒಳಪೊರೆಯಲ್ಲಿ ಏರಿದಾಗ, ಅರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕಿಣ್ವವು ಎಚ್ಚರಗೊಂಡು, ಆ ಅನಿಲವು ಪಕ್ಕದ ಸ್ನಾಯುವಿಗೆ ಪಸರಿಸಿ ಅದನ್ನು ಸಡಿಲಿಸುವುದು. ಆದಕಾರಣ ‘ಸಂಕೋಚಕ’, ‘ವಿಕಾಸಕ’ ಎಂದು ದೂತರಿಗೆ ಹಣೆಪಟ್ಟಿ ಕಟ್ಟುವ ಪಠ್ಯಪುಸ್ತಕಗಳ ರೂಢಿ ನನಗೆ ಒಪ್ಪಿಗೆಯಾಗದು. ಫಲವನ್ನು ನಿರ್ಣಯಿಸುವುದು ಸಂದೇಶವನ್ನು ಸ್ವೀಕರಿಸುವ ಕೋಶ.

ಸೊಕ್ಕಿನಲ್ಲಿ ಈ ವ್ಯಾಪಾರಗಳು ಒಟ್ಟೊಟ್ಟಿಗೆ ನಡೆಯುತ್ತವೆ. ವೀಳ್ಯಕ್ಕೆ ಸವರುವ ಸುಣ್ಣದ ಕ್ಷಾರಗುಣದಿಂದ ಬಿಡುಗಡೆಗೊಂಡ ಅರೆಕೊಲಿನ್ ಬಾಯಿಯ ಪೊರೆಯ ಮೂಲಕ ರಕ್ತಕ್ಕೆ ಸೇರುವುದು (ಅದೇ ಸುಣ್ಣವು ಅದರ ಒಂದಂಶವನ್ನು, ಈ ಗ್ರಾಹಕಗಳಿಗೆ ನಾಟದ ಅರೆಕೈಡಿನ್ ಆಗಿ ಒಡೆಯುವುದೂ ಉಂಟು). ಅಡಿಕೆ ಜಗಿದವರ ಮುಖಚರ್ಮದ ಉಷ್ಣತೆ ಏರುವುದನ್ನೂ, ಜೊತೆಗೇ ರಕ್ತದಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ಹೆಚ್ಚುವುದನ್ನೂ ತೈವಾನಿನ ಸಂಶೋಧಕರು ಅಳೆದಿದ್ದಾರೆ. ಮುಖದ ಕೆಂಪಿನಲ್ಲಿ ಒಳಪೊರೆಯ ಅನಿಲದ ಪಾಲಿದೆಯೆಂದು ತರ್ಕಿಸುವುದು ನ್ಯಾಯವೇ; ಎದೆಯ ಡವಗುಟ್ಟುವಿಕೆ ಅಡ್ರಿನಲಿನ್ ವರ್ಗಕ್ಕೆ ಸೇರಿದ್ದು. ನಾಳದ ತ್ರಿಜ್ಯವು ಅರ್ಧವಾದರೆ ಅದೇ ಒತ್ತಡದಲ್ಲಿ ಹರಿಯುವ ರಕ್ತವು ಹದಿನಾರನೆಯ ಒಂದು ಪಾಲಿಗೆ ಇಳಿಯುವುದೆಂಬ ಪ್ವಾಸ್ಯೆಯ ನಿಯಮವನ್ನು ನೆನೆದರೆ, ಅಲ್ಪ ಸಂಕೋಚ ವಿಕಾಸಗಳೂ ಇಂತಹ ಪ್ರಕಟ ಲಕ್ಷಣಗಳನ್ನು ತೋರುವುದರಲ್ಲಿ ಸೋಜಿಗವಿಲ್ಲ.

ಒಳಪೊರೆಯು ರೋಗಗ್ರಸ್ತವಾದಾಗ ಮಾತ್ರ ವಿಷಯ ಗಂಭೀರವಾಗುವುದು. 1986ರಲ್ಲಿ ಅಮೆರಿಕದ ವೈದ್ಯರು ಹೃದಯದ ಅಪಧಮನಿಗಳಿಗೆ ನೇರವಾಗಿ ಅಸಿಟೈಲ್‌ಕೋಲಿನನ್ನು ಹರಿಸಿ ನೋಡಿದಾಗ, ಆರೋಗ್ಯಕರ ನಾಳಗಳು ಅಗಲಗೊಂಡವು, ಕೊಬ್ಬುಗಟ್ಟಿದವು ಬಿಗಿದುವು. ನೈಟ್ರೋಗ್ಲಿಸರಿನ್ ಕೊಟ್ಟಾಗ ಎರಡೂ ಸಡಿಲಗೊಂಡವು. ಎದೆನೋವಿನವರು ನಾಲಗೆಯಡಿಯಲ್ಲಿಟ್ಟುಕೊಳ್ಳುವ ಆ ಗುಳಿಗೆಯು, ಮುರಾದ್ 1977ರಲ್ಲಿಯೇ ಸೂಚಿಸಿದ್ದಂತೆ, ನೈಟ್ರಿಕ್ ಆಕ್ಸೈಡನ್ನು ತಾನೇ ಒದಗಿಸುವುದರಿಂದ ಅದಕ್ಕೆ ಒಳಪೊರೆಯ ಸಹಾಯ ಬೇಕಿಲ್ಲ. ಅರೆಕೊಲಿನ್‌ಗಾದರೋ ಆ ಪೊರೆಯೇ ಮಧ್ಯವರ್ತಿ. ಹುಡುಗನ ಮುಖವನ್ನು ಕೆಂಪೇರಿಸಿ ಬಿಡುವ ಹೋಳು, ಹೃದಯದ ನಾಳಗಳು ಹಾಳಾದ ವೃದ್ಧನಲ್ಲಿ ಆ ನಾಳಗಳನ್ನೇ ಬಿಗಿಯುವ ಸಂಭವವನ್ನು, ಎದೆನೋವಿನ ರೋಗಿಗೆ ವೀಳ್ಯದ ಅಭ್ಯಾಸವುಂಟೇ ಎಂದು ವಿಚಾರಿಸುವ ವೈದ್ಯನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.